ಎಡಗಡೆಯ ಅರ್ಧ

ನಮ್ಮ ಶಿಡ್ಲಘಟ್ಟದಲ್ಲಿ ರೀಲು ಅಂದರೆ ರೇಷ್ಮೆ.
ಶುಕ್ರವಾರ ಅರಬರ ರೀಲು ಬಿಡ್ತೀವಿ, ಬನ್ನಿ ಅಂದರೆ
ಗೂಡಿನ ರೇಟು ಕೇಳಿದರು ಇಬ್ಬರು.

ಬಿಚ್ಚಾಣಿಕೆ ಶೆಡ್ಡಿನ ಗೋಡೆಗೆ ಬಿಳಿ ಪಂಚೆ.
ಬೆಂದ ಹುಳದ ವಾಸನೆ ಆರದ ಬೇಸಿನ್ನುಗಳ ನಡುವೆ
ಕಾಲೇಜಿನಿಂದ ಕಡ ತಂದ ಪ್ರೊಜೆಕ್ಟರು.
ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ:
ಕೈರೋದಲ್ಲಿ ಸ್ಟುಡಿಯೋ ಎದ್ದದ್ದು, ಪರದೆ ಹಾಡು ಕಲಿತದ್ದು,
ಅಲ್ಜೀರಿಯಾ ತನ್ನ ಯುದ್ಧವನ್ನು ತಾನೇ ಹೇಳಿಕೊಂಡದ್ದು,
ಬೈರೂತಿನ ಮುತ್ತಿಗೆಯಲ್ಲಿ
ಒಂದು ಜನದ ರೀಲಿನ ಡಬ್ಬಿಗಳೇ ಕಾಣೆಯಾದದ್ದು,
ಮೂವತ್ತೈದು ವರ್ಷ ಬೀಗ ಹಾಕಿದ ಥಿಯೇಟರು...
ಎರಡನೇ ಹಾಳೆಗೇ ಕರೆಂಟು ಹೋಯಿತು.

ಕತ್ತಲಲ್ಲಿ ಜೈತೂನ್‌ಬಿ ಕೆಮ್ಮಿದಳು.
"ಮೇಷ್ಟ್ರೇ, ಕೈರೋ ಮಾತು ನಂಗೆ ಬರ್ತದೆ."

ಕುವೈತಿನಲ್ಲಿ ಹನ್ನೊಂದು ವರ್ಷ ಅಡಿಗೆ ಮಾಡಿದವಳು.
ಗುರುವಾರ ರಾತ್ರಿ ಹಜಾರದಲ್ಲಿ ದೊಡ್ಡ ಟೀವಿ,
ಹೊಸ್ತಿಲಲ್ಲಿ ಇವಳು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ.
ಬೀರು ಅಡ್ಡ. ಬಲಗಡೆ ಅರ್ಧವೇ ಕಾಣೋದು.
"ಹುಡುಗಿ ಅಳೋದು ನೋಡಿದೀನಿ,
ಯಾರು ಅಳಿಸಿದ್ದು ಅಂತ ನೋಡಿಲ್ಲ."

ಕರೆಂಟು ಬಂತು.
ಪಂಚೆಯ ಸರಿಮಧ್ಯಕ್ಕೆ ಸ್ಟೂಲು ಎಳೆದು ಕೂತಳು.
ಕೆಳಗೆ ಓಡುವ ಇಂಗ್ಲಿಷು ಯಾರಿಗೆ ಬೇಕು?
ಅರಬ್ಬಿ ಅವಳ ಬಾಯಲ್ಲಿ ದಖನಿಯಾಯಿತು,
ದಖನಿಯನ್ನು ಗಂಗುಲಪ್ಪ ಕನ್ನಡಕ್ಕೆ ಸುತ್ತಿದ,
ಬೈಗುಳ ಮಾತ್ರ ತೆಲುಗಲ್ಲೇ ಚೆನ್ನ ಅಂದ.

ಮೊದಲದರಲ್ಲಿ ಚೆಕ್‌ಪೋಸ್ಟು.
ಒಬ್ಬ ಅಜ್ಜ, ಎರಡು ಕ್ರೇಟು ಟೊಮೆಟೊ,
ಕಾಗದ ತಿರುವುತ್ತಲೇ ಇರುವ ಸಿಪಾಯಿ.
ಬಿಸಿಲಿಗೆ ಹಣ್ಣು ನೀರೊಡೆದಾಗ
ಇಡೀ ಶೆಡ್ಡು ಲೊಚಗುಟ್ಟಿತು.
ನನ್ನ ಮೂರನೇ ಹಾಳೆ ಜೇಬಲ್ಲೇ ಉಳಿಯಿತು.

ಆಮೇಲೆ ಬುಲ್ಡೋಜರು. ಬೇರು ಮೇಲಾದ ಒಂದು ಮರ.
ಪರದೆಯೊಳಗಿನ ಮುದುಕಿ ಕೂಗಿದಳು: "ಜೈತೂನ್!"
ನಮ್ಮವಳು, ಇಲ್ಲಿಂದ, "ಓ" ಅಂದುಬಿಟ್ಟಳು.
ಯಾರೂ ನಗಲಿಲ್ಲ.

ಎರಡನೆಯದು ಕಪ್ಪುಬಿಳುಪು, ಪಾಶಾನ ಬಂಗಲೆ,
ಮೆಟ್ಟಿಲಿಳಿವ ಚೆಲುವೆ, ಕಣ್ಣೀರು ತರುವ ಪಿಟೀಲು.
ಎಲ್ಲರೂ ಚೆಲುವೆಯ ಕಡೆ.
ಇವಳೊಬ್ಬಳು ಎಡಗಡೆಯ ಅಂಚಿಗೆ ಬೆರಳು ಮಾಡಿ,
"ಆ ಟೀ ತಂದಿಟ್ಟು ಹೋದ್ಳಲ್ಲ, ಅವಳ ಹೆಸರೇನು?"

ಗೊತ್ತಿರಲಿಲ್ಲ ನನಗೆ. ನಾಲ್ಕನೇ ಹಾಳೆಯಲ್ಲೂ ಇರಲಿಲ್ಲ.

ಕೊನೆಗೆ ಹೆಸರುಗಳು ಸುರುಳಿ ಬಿಚ್ಚತೊಡಗಿದವು.
ಮದರಸಾದಲ್ಲಿ ಕಲಿತ ಅಲಿಫ್, ಬೇ ಸಾಕಾಯಿತು.
ಎದ್ದು ಪಂಚೆಯ ಹತ್ತಿರ ಹೋಗಿ ನಿಂತಳು,
ಬಿಸಿನೀರಿಗೆ ಬಿಳಿಚಿದ ಬೆರಳನ್ನು
ಒಂದೊಂದೇ ಅಕ್ಷರಕ್ಕೆ ಇಟ್ಟು,
ಬೇಸಿನ್ನಿನಲ್ಲಿ ಗೂಡು ಮುಟ್ಟಿ ಎಳೆ ಹುಡುಕುವ ಹಾಗೆ.
ಅವಳ ಬೆನ್ನ ಮೇಲೂ ಹೆಸರುಗಳು ಹರಿದವು.

ಮುಗಿಯಿತು. ಪಂಚೆ ಬರೀ ಬೆಳಕು.
ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು.

"ಇನ್ನೊಂದ್ಸಲ ಬಿಡಿ," ಅಂದಳು, ತಿರುಗದೆ.