ಗೂಡಿನ ಕೊಂಡಿ

ಅಮ್ಮತ್ತಿ ಪೇಟೆ ಆರಕ್ಕೇ ಮಬ್ಬಾಗುತ್ತದೆ.
ಮೆಷಿನ್ನಿಗೆ ಬಟ್ಟೆ ಹೊದೆಸಿ ಹಿತ್ತಲಿಗೆ ಬಂದರೆ
ಒಂದು ವಾರದಿಂದ ಇದೇ ರಗಳೆ:
ಗೂಡಿನ ಬಾಗಿಲು ತೆರೆದೇ ಇದೆ, ಕೋಳಿಗಳು ಮಾತ್ರ
ಕಿತ್ತಳೆ ಗಿಡದ ಕೆಳಗೊಂಬೆಯಲ್ಲಿ
ಸಾಲಾಗಿ, ಮುಖ ತಿರುಗಿಸಿಕೊಂಡು.

ಕೈಯಲ್ಲಿ ಗಜಕೋಲು. ಹುಶ್ ಹುಶ್ ಅಂತ
ಒಂದೊಂದನ್ನೇ ಇಳಿಸಿ, ಒಳಗೆ ತಳ್ಳಿ
ಕೊಂಡಿ ಸಿಕ್ಕಿಸುವುದು.
ಕಬ್ಬೆಕ್ಕಿಗೆ, ಮುಂಗುಸಿಗೆ, ಬೀದಿನಾಯಿಗೆ ಹೆದರಿ
ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಸಿದ ಗೂಡು;
ಕೊಂಡಿ ಹಿತ್ತಾಳೆಯದು. ನನಗದರ ಜಂಬವಿತ್ತು.

ಮೊಟ್ಟೆಯೂ ಇಲ್ಲ, ಮಾತೂ ಕೇಳುವುದಿಲ್ಲ ಎಂದು
ಚುಕ್ಕಿಯನ್ನು ಬೈದೆ. ಸುಬೇದಾರನೆಂಬ ಹುಂಜನನ್ನೂ ಬೈದೆ.
ಅವನ ಜುಟ್ಟು ಕೆಂಪು ಕಳೆದು
ಮೂರು ಸಲ ಒಗೆದ ಅಗ್ಗದ ರವಿಕೆಯಂತಾಗಿತ್ತು.
ಬಣ್ಣ ಬಿಡುವ ಬಟ್ಟೆಯನ್ನು ಮುಟ್ಟಿಯೇ ಹೇಳುವ ನನಗೆ
ಇದು ಕಾಣಲಿಲ್ಲ.

ಪಶು ಆಸ್ಪತ್ರೆಯ ರಝಾಕ್
ಜಾಕೀಟಿನ ತೋಳು ಗಿಡ್ಡ ಮಾಡಿಸಲು ಬಂದವನು
ಚುಕ್ಕಿಯನ್ನೆತ್ತಿ, ರೆಕ್ಕೆ ಬಿಡಿಸಿ, ಗರಿಯ ಬುಡ ಊದಿ
"ಟೈಲರಕ್ಕ, ಇಲ್ಲಿ ನೋಡಿ" ಎಂದ.
ಕಂಕುಳಲ್ಲಿ ನೀಲಿಗಪ್ಪು ಮಣಿಗಳು,
ಯಾರೋ ಅವಸರದಲ್ಲಿ ಹೊಲಿದ ಹಾಗೆ, ಸಾಲು ಸೊಟ್ಟ.
ಸುತ್ತ ಕೆಂಪು ಕಲೆ.
"ಉಣುಗಿನ ಮರಿ. ದೊಡ್ಡವು ಇಲ್ಲಿರುವುದಿಲ್ಲ.
ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಗೂಡು ನೋಡಿ."

ಹೋದೆ.
ಹಗಲು ನಾನೇ ಗುಡಿಸಿದ ಗೂಡು.
ಹಲಗೆಗೂ ಹಲಗೆಗೂ ನಡುವಿನ ಸಂದಿನಿಂದ
ಚಪ್ಪಟೆ ಬೇಳೆಗಳು ಕಾಲು ಮೂಡಿಸಿಕೊಂಡು
ಕೋಲಿನ ಮೇಲೆ, ಕೋಳಿಯ ಕಾಲಿನ ಮೇಲೆ,
ಊಟದ ಗಂಟೆ ಗೊತ್ತಿರುವವರ ನಿಧಾನದಲ್ಲಿ.
ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು.
ಅವು ಕಾಲು ಬದಲಿಸುತ್ತಿದ್ದವು, ಅಷ್ಟೇ.
ಕಾಲು ಬದಲಿಸುತ್ತಿದ್ದವು.

ಕೊಂಡಿ ಹೊರಗಿತ್ತು. ಹಾಕಿದ್ದು ನಾನು.

ಏಳೂ ಜೀವ ಬುಟ್ಟಿಗಳಲ್ಲಿ ಜಗಲಿಗೆ ಬಂದವು.
ಬೆಳಿಗ್ಗೆ ಓವರ್‌ಲಾಕ್ ಮೆಷಿನ್ನಿನ ಚಿಮ್ಮಟ ತಂದೆ,
ಕಿರುಗಣ್ಣಿಗೆ ದಾರ ದಾಟಿಸುವ ಬಾಗಿದ ಮೂತಿಯದು.
ಹೊಟ್ಟೆ ಹಿಸುಕಬಾರದು, ತಿರುಚಬಾರದು,
ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಬೇಕು.
ಹೊಲಿಗೆ ಬಿಚ್ಚಿದ ಹಾಗೆ; ಬಟ್ಟೆ ಹರಿಯಕೂಡದು.
ಮೈಗೆ ಸೀಮೆಎಣ್ಣೆ ಹಚ್ಚಲೇ ಎಂದದ್ದಕ್ಕೆ
ರಝಾಕ್ ಫೋನಿನಲ್ಲೇ ಗದರಿದ.
ಚುಕ್ಕಿಯೊಬ್ಬಳಿಂದಲೇ ಮೂವತ್ತೊಂದು.
ಎಣಿಸಿದೆ, ಗುಂಡಿ ಎಣಿಸಿದ ಅಭ್ಯಾಸ.
ಒಂದೊಂದೂ ಸ್ಪಿರಿಟ್ಟಿನ ಬಾಟಲಿಗೆ,
ಕಚ್ಚಿದ ಜಾಗಕ್ಕೆ ಕಂದು ಟಿಂಕ್ಚರ್.
ಒಮ್ಮೆ ಮಾತ್ರ ಕುಕ್ಕಿದಳು,
ಹೆಬ್ಬೆಟ್ಟಿಗೆ, ಸರಿಯಾಗಿಯೇ.

ಗೂಡಿಗೆ ಪಕ್ಕದ ಮನೆಯ ಬಿದ್ದಪ್ಪ ಬಂದರು,
ಕೈಲ್ ಪೊಳ್ದ್‌ಗೆ ಹಂದಿಯ ರೋಮ ಸುಡುವ ಬೆಂಕಿದೀಪ ಹಿಡಿದು.
ಸಂದುಸಂದಿಗೂ ನೀಲಿ ಜ್ವಾಲೆ. ಚಟಪಟ.
"ಉಪವಾಸವಿದ್ದು ವರ್ಷಗಟ್ಟಲೆ ಕಾಯ್ತಾವಂತೆ ಇವು.
ನಮ್ಮ ರೆಜಿಮೆಂಟಿಗೆ ಇಂಥವರು ಬೇಕಿತ್ತು."
ನಕ್ಕುಬಿಟ್ಟೆ.
ಆಮೇಲೆ ಗಟ್ಟಿ ಸುಣ್ಣ, ಬಿರುಕು ತುಂಬುವಷ್ಟು.
ಕೂರುವ ಕೋಲಿನ ಕಾಲುಗಳಿಗೆ
ಎಣ್ಣೆ ಹೊಯ್ದ ಮತ್ತಿಮೀನಿನ ಡಬ್ಬಿ.
ಉಳಿದ ಮೊಟ್ಟೆ ಒಡೆಯುತ್ತವೆ, ಹದಿನೈದು ದಿನಕ್ಕೆ ಮತ್ತೆ ಸುಡಬೇಕು:
ಕ್ಯಾಲೆಂಡರಿನಲ್ಲಿ ಬರೆದಿಟ್ಟೆ,
ಮದುವೆ ಬ್ಲೌಸುಗಳ ತಾರೀಖಿನ ಕೆಳಗೆ.

ಬೂದಿ ಬಣ್ಣದ ಹೇಂಟೆ ಉಳಿಯಲಿಲ್ಲ.
ಎರಡನೇ ದಿನ ಕಾಲು ಸೋತವು, ಕತ್ತು ವಾಲಿತು.
"ಮೊದಲೇ ಕರೀಬೇಕಿತ್ತು ಅಕ್ಕ,"
ರಝಾಕ್ ಅಂದದ್ದು ಮೆಲ್ಲಗೆ.
ಅದಕ್ಕೊಂದು ಹೆಸರೂ ಇಟ್ಟಿರಲಿಲ್ಲ ನಾನು.

ನಿನ್ನೆ ಸಂಜೆ ಗಜಕೋಲು ಅಂಗಡಿಯಲ್ಲೇ ಬಿಟ್ಟು
ಗೂಡಿನ ಬಾಗಿಲು ತೆರೆದು ಪಕ್ಕದಲ್ಲಿ ಕೂತೆ.
ಚುಕ್ಕಿ ಬಂದು ಸುಣ್ಣವನ್ನು ಒಮ್ಮೆ ಕುಕ್ಕಿ ನೋಡಿ
ಕತ್ತು ಓರೆ ಮಾಡಿ ನಿಂತಳು,
ಒಂದು ಕಣ್ಣು ಗೂಡಿನ ಮೇಲೆ, ಒಂದು ನನ್ನ ಮೇಲೆ.

ಕತ್ತಲಾಯಿತು. ಮೊಣಕೈಗೆ ಸೊಳ್ಳೆ ಕಚ್ಚಿತು.
ಏಳಲಿಲ್ಲ.