ಋಣ ಚಿಹ್ನೆ

ಕುಮಾಸಿಯಲ್ಲಿ ಸಂಜೆ ಏಳಕ್ಕೆ
ಮೇಡಂ ಡುಫಿಯೆ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ
ಹಿಂದಿನ ಕೋಣೆ ನನ್ನದು.
ಕಪ್ಪು ಬಣ್ಣ ಬಳಿದ ಬಾಗಿಲೇ ಬೋರ್ಡು,
ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಬಿಲ್ಲೆಯೇ ಸೀಮೆಸುಣ್ಣ.
ಐದು ಜನ ಬರುತ್ತಾರೆ. ಒಮ್ಮೊಮ್ಮೆ ಏಳು.
ಎಲ್ಲರೂ ಗಣಿತದಲ್ಲಿ ಡುಮ್ಕಿ ಹೊಡೆದವರು,
ಕೆಲವರು ಎರಡು ಸಲ.

ನಾನೂ ಎರಡು ಸಲ.
ಮೊದಲನೆಯದು ಇಂಟರ್ನೆಟ್ ಅಂಗಡಿಯಲ್ಲಿ:
ಕಾರ್ಡಿನ ಬೆಳ್ಳಿಪುಡಿ ಉಗುರಲ್ಲಿ ಕೆರೆದು, ಸಂಖ್ಯೆ ಒತ್ತಿ, ಕಾದು,
ಎಫ್ ಒಂಬತ್ತು.
ಹಿಂದೆ ಸಾಲಲ್ಲಿದ್ದವನು ಓದಿಕೊಂಡ, ಮುಖ ತಿರುಗಿಸಿದ.
ಅವನ ಆ ಮರ್ಯಾದೆಯೇ ಹೆಚ್ಚು ಉರಿಯಿತು.
ಎರಡನೆಯ ಸಲ ಅಮ್ಮನಿಗೆ ಹೇಳಲಿಲ್ಲ.
ಅವಳು ಕೇಳಲೂ ಇಲ್ಲ;
ಮೀನು ಸುಡುತ್ತ, ಹೊಗೆಗೆ ಕಣ್ಣೊರೆಸುತ್ತ,
ದೊಡ್ಡ ತುಂಡನ್ನು ನನ್ನ ತಟ್ಟೆಗಿಟ್ಟಳು.

ಫುಸೇನಿ ಮಿನಿಬಸ್ಸಿನ ಕಂಡಕ್ಟರು.
ಪ್ಯಾಂಟು ಗಿಡ್ಡ ಮಾಡಿಸಲು ಬಂದವನು
ಇಸ್ತ್ರಿ ಮೇಜಿನ ಮೇಲೆ ನನ್ನ ಹಳೆಯ ನೋಟ್‌ಬುಕ್ಕು ಕಂಡು
ಹಾಳೆ ಹಾಳೆ ತಿರುವಿ ನಕ್ಕ.
"ನೀನು ನೂರು ತಪ್ಪು ಮಾಡಿಲ್ಲ, ಅಫ್ರಿಯೆ,
ಒಂದೇ ತಪ್ಪು ನೂರು ಸಲ ಮಾಡಿದ್ದೀಯ."

ಆವರಣದ ಹೊರಗೊಂದು ಋಣ ಚಿಹ್ನೆ.
ಬಾಗಿಲ ಬಳಿ ಇದ್ದವನಿಗಷ್ಟೇ ಅದನ್ನು ಒಪ್ಪಿಸಿ
ಓಡಿಬರುತ್ತಿದ್ದೆ ನಾನು.
ಒಳಗೆ ಕೂತವನು ಏನೂ ಗೊತ್ತಿಲ್ಲದೆ
ಹಾಗೇ ಕೂತಿರುತ್ತಿದ್ದ.
ಹನ್ನೆರಡು ವರ್ಷ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.
ಅಲ್ಲ, ಹೇಳಿದ್ದರು,
ನಲವತ್ತೆಂಟು ಮಂದಿಗೆ, ಬೆನ್ನು ಹಾಕಿ ನಿಂತು, ಒಮ್ಮೆ.

ಮೂರನೆಯ ಸಲ ಸಿ ಆರು.
ದೊಡ್ಡದೇನಲ್ಲ. ನರ್ಸಿಂಗ್ ಕಾಲೇಜಿನ ಹೊಸ್ತಿಲಿಗೆ ಸಾಕು.

ಈಗ ಬೋರ್ಡಿನ ಮುಂದೆ ಮನ್ಸಾ.
ಮೂರು ಸಾಲು ಸರಿ. ನಾಲ್ಕನೆಯದಕ್ಕೆ ಕೈ ನಿಧಾನ.
ನನಗೆ ಗೊತ್ತು ಆ ಜಾಗ, ಕತ್ತಲಲ್ಲೂ ಗೊತ್ತು,
ನಮ್ಮ ಓಣಿಯ ಮುಚ್ಚಳವಿಲ್ಲದ ಚರಂಡಿಯ ಹಾಗೆ;
ಎಷ್ಟು ಸಲ ಬಿದ್ದಿಲ್ಲ ನಾನು ಅಲ್ಲಿ.
ಬಾಯಿಗೆ ಬಂದ ಮಾತನ್ನು ಹಲ್ಲಲ್ಲಿ ಕಚ್ಚಿ ಕೂತೆ.
ಕರೆಂಟು ಹೋಯಿತು.
ಯಾರೋ ಮೊಬೈಲಿನ ಬೆಳಕು ಹಿಡಿದರು.
ಬಾಗಿಲ ಮೇಲೆ ಅವಳ ಕೈಯ ನೆರಳು
ಕೈಗಿಂತ ದೊಡ್ಡದಾಗಿ ನಡುಗಿತು.

"ಅಕ್ಕ, ಇವನಿಗೂ ತಾಗುತ್ತಾ?"
ಯಾರಿಗೆ?
"ಒಳಗೆ ಕೂತವನಿಗೆ."
ತಾಗದೆ? ಋಣ ಅಂದರೇ ಹಾಗೆ,
ಹೊರಗೆ ನಿಂತು ಕೂಗಿದರೂ
ಮನೆಯವರೆಲ್ಲ ಏಳಬೇಕು.

(ಫುಸೇನಿಗೆ ಕೊಡಹೋದ ದುಡ್ಡು ಅವನು ಮುಟ್ಟಲಿಲ್ಲ.
ಪ್ಯಾಂಟಿನ ಮಜೂರಿ ಮಾತ್ರ ಪೈಸೆ ಬಿಡದೆ ಎಣಿಸಿಟ್ಟು
ಹೊರಟ ಬಸ್ಸಿಗೆ ನೇತುಬಿದ್ದ.
ಅದಕ್ಕೇ ಇರಬೇಕು,
ಇವರು ಕೊಟ್ಟರೆ ಎರಡು ಸೆಡಿ, ಕೊಡದಿದ್ದರೆ ಇಲ್ಲ.)

ಮನ್ಸಾ ಚಿಹ್ನೆ ಬದಲಿಸಿದಳು, ಇಬ್ಬರಿಗೂ.
ಬಿಲ್ಲೆ ಕೆಳಗಿಟ್ಟು ಕೈ ಕೊಡವಿದಳು.
ಉತ್ತರ ತಪ್ಪಿತ್ತು.
ಅಲ್ಲಿ ಅಲ್ಲ, ಮುಂದೆ ಎಲ್ಲೋ,
ನಾನು ಇದುವರೆಗೂ ಬೀಳದ ಒಂದು ಕಡೆ.
ಬೆಳಕು ಈಚೆ ಹಿಡಿಯಿರಿ, ಅಂದೆ,
ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತೆ.
ಮೊದಲಿಂದ ಹೇಳು,
ನೀನು ಇಲ್ಲಿಗೆ ಹೇಗೆ ಬಂದೆ?