ಸಂಜೆ ಲೆಕ್ಕ

ಬಳ್ಳಾರಿಗೆ ವರ್ಗವಾದ ಜೈಲರ್ ಸಾಹೇಬರು
ಕ್ವಾರ್ಟರ್ಸ್ ಖಾಲಿ ಮಾಡುವಾಗ ಬಿಟ್ಟುಹೋದದ್ದು
ಒಂದು ಒಡೆದ ಒರಳು, ಎರಡಡಿ ಗಾಜಿನ ತೊಟ್ಟಿ.
ಒರಳು ಸುಶೀಲಾಬಾಯಿ ಎತ್ತಿಕೊಂಡಳು.
ತೊಟ್ಟಿ ನನ್ನ ಪಾಲು.

ಮಂಡಿ ಮೊಹಲ್ಲಾದ ಇನಾಯತ್ ಅಂಗಡಿಯಲ್ಲಿ
ಮೊದಲು ಬೆರಳು ಮಾಡಿದ್ದು ಆಸ್ಕರ್ ಕಡೆಗೆ.
ಹೆಬ್ಬೆರಳಿನಷ್ಟು ಮರಿ, ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಮುಖ.
"ಬೇಡ ಮೇಡಂ. ವರ್ಷ ತುಂಬೋದ್ರೊಳಗೆ ಗೇಣು ದಾಟುತ್ತೆ,
ಆಮೇಲೆ ನಿಮ್ಮ ತೊಟ್ಟಿ ಅದಕ್ಕೆ ಬಿಗಿ ಅಂಗಿ."

ಹಣೆ ಉಬ್ಬಿದ ಫ್ಲವರ್‌ಹಾರ್ನ್?
"ಲಕ್ಷ್ಮಿ ಬರ್ತಾಳೆ ಅಂತ ತಗೊಂಡೋಗ್ತಾರೆ.
ಬರೋದು ಕರೆಂಟ್ ಬಿಲ್ಲು.
ಜೊತೆಗೆ ಇನ್ನೊಂದು ಬಿಟ್ಟರೆ ಬೆಳಿಗ್ಗೆ ಬರೀ ಮುಳ್ಳು."
ಒಂಟಿ ಕೋಣೆ, ಎಂದೆ.
ಅವನಿಗೆ ಅರ್ಥವಾಗಲಿಲ್ಲ.

ಆಮೇಲೆ ತೋರಿಸಿದ, ಕಪ್ಪು ಪಟ್ಟೆಯ ಬೂದು ಮೀನು.
"ಹೊಸಬರಿಗೆ ಇದರಷ್ಟು ಗಟ್ಟಿ ಇನ್ನೊಂದಿಲ್ಲ.
ಬೋರ್ ನೀರಿಗೂ ಸೈ, ಏನು ಹಾಕಿದರೂ ಸೈ."
ಹೆಸರು?
"ಕನ್ವಿಕ್ಟ್."
ಹತ್ತೊಂಬತ್ತು ವರ್ಷದ ಸರ್ವಿಸು ನನ್ನದು, ಮಹಿಳಾ ಬ್ಯಾರಕ್ಕು.
ನಕ್ಕೆ. ನನ್ನ ಖಾಕಿ ನೋಡಿ ಅವನೂ ನಕ್ಕ, ತಡವಾಗಿ.
ಡ್ಯೂಟೀನ ಮನೆಗೂ ಹೊತ್ಕೊಂಡು ಹೋಗೋದಾ ಕಣಪ್ಪ,
ಬೇರೆ ತೋರಿಸು.

ಕ್ರಿಬೆನ್ಸಿಸ್, ಎಂದ.
ಮನೆ ಮುಟ್ಟುವುದರೊಳಗೆ ನನ್ನ ಬಾಯಲ್ಲಿ ಅದು ಕಿರಿಬಸಪ್ಪ.
ಬೆರಳುದ್ದದ ಮೀನು. ಹೆಣ್ಣಿನ ಹೊಟ್ಟೆಗೆ
ಎಲೆಯಡಿಕೆ ಹಾಕಿದ ತುಟಿಯ ಬಣ್ಣ.
ಜಗಳ ಇಲ್ವಾ?
"ಮರಿ ಆದಾಗ ಮಾತ್ರ. ಯಾರಿಗಿಲ್ಲ?
ನಮ್ಮ ವರುಣಾ ನಾಲೇಲಿ ಗಾಳಕ್ಕೆ ಬೀಳೋ ಜಿಲೇಬಿ ಮೀನಿದೆಯಲ್ಲ,
ಅದರ ದಾಯಾದಿಗಳೇ ಇವೆಲ್ಲ."
ಹಾಗಾದರೆ ಸಾರಿಗೆ ಹಾಕಿದ್ದೇವೆ ಎಷ್ಟು ನೆಂಟರನ್ನೋ.

ಆವತ್ತು ಜೋಡಿ ಕೊಡಲಿಲ್ಲ.
"ಮೀನು ಸಾಕೋದು ಆಮೇಲೆ. ಮೊದಲು ನೀರು ಸಾಕಿ."

ನಾಲ್ಕು ವಾರ ನೀರು ಸಾಕಿದೆ.
ನಲ್ಲಿಯದನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಬಿಟ್ಟು ಕ್ಲೋರಿನ್ ಕಳೆದು,
ಅವನ ಹಳೇ ತೊಟ್ಟಿಯ ಸ್ಪಂಜಿನ ತುಂಡು ಇಳಿಬಿಟ್ಟು,
ಅದರೊಳಗಿನ ಕಾಣದ ಜೀವಕ್ಕೆ ದಿನಾ ಚಿಟಿಕೆ ಆಹಾರ.
ಖಾಲಿ ತೊಟ್ಟಿಗೆ ಊಟ ಹಾಕುವವಳನ್ನು
ಪಕ್ಕದ ಮನೆಯವರು ಕಿಟಕಿಯಿಂದ ನೋಡಿದರು.
ಅರ್ಧ ತೆಂಗಿನ ಚಿಪ್ಪಿಗೆ ಬಾಗಿಲು ಕೊರೆದು ಬೋರಲು ಹಾಕಿದೆ.
ಚಿಲಕವಿಲ್ಲದ ಬಾಗಿಲು ಅಂತ
ಆಮೇಲೆ ಹೊಳೆಯಿತು.

ಬಂದವು. ಗಂಡೊಂದು, ಹೆಣ್ಣೊಂದು.
ಸಂಜೆ ಆರಕ್ಕೆ ಬ್ಯಾರಕ್ಕಿನ ಲೆಕ್ಕ ಮುಗಿಸಿ
ಬೀಗ ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿ
ಮನೆಗೆ ಬಂದರೆ ಬೂಟು ಬಿಚ್ಚುವ ಮೊದಲೇ
ತೊಟ್ಟಿಯ ಮುಂದೆ ಎಣಿಕೆ: ಎರಡು. ಸರಿ.
ಅಭ್ಯಾಸ.

ಆಷಾಢದ ಒಂದು ಸಂಜೆ: ಒಂದು.

ಎದೆ ಧಸಕ್ಕೆಂದಿತು. ಲೆಕ್ಕ ತಪ್ಪಿದ ರಾತ್ರಿ ಎಂಥದೆಂದು ಗೊತ್ತು ನನಗೆ,
ಸೈರನ್ನು, ಟಾರ್ಚು, ಮತ್ತೆ ಮತ್ತೆ ಎಣಿಕೆ,
ಬೆಳಗಾಗುವಾಗ ವಿವರಣೆ ಕೇಳುವ ಕಾಗದ.
ಫಿಲ್ಟರಿನ ಹಿಂದೆ ನೋಡಿದೆ. ಎಗರಿ ಬಿತ್ತೇನೋ ಎಂದು
ನೆಲವೆಲ್ಲ ಕೈಯಾಡಿಸಿದೆ.
ಗಂಡು ಮಾತ್ರ ಚಿಪ್ಪಿನ ಮುಂದೆ ಅತ್ತ ಇತ್ತ, ಅತ್ತ ಇತ್ತ,
ನನ್ನ ಬೆರಳ ನೆರಳಿಗೂ ಏರಿ ಬರುತ್ತ.
ಕಾವಲಿನ ನಡಿಗೆ ನನಗೆ ತಿಳಿಯದೆ ಇರುತ್ತದೆಯೇ.

ಎಂಟನೇ ದಿನ ಹೊರಬಂದಳು ಕಿರಿಬಸಮ್ಮ.
ಹಿಂದೆ ಒಂದು ಹೊಗೆ.
ಎಳ್ಳಿನಷ್ಟೂ ಇಲ್ಲದ, ಬರೀ ಕಣ್ಣುಗಳ ಹೊಗೆ.
ಎಣಿಸಿದೆ. ನಲವತ್ತರ ತನಕ ಬಂದು ಕದಡಿಹೋಯಿತು.
ಮತ್ತೆ ಒಂದರಿಂದ.
ಲೆಕ್ಕ ಹೆಚ್ಚಾಗಿ ತಪ್ಪಿದ್ದು
ಸರ್ವಿಸಿನಲ್ಲೇ ಇದು ಮೊದಲು.

ನಮ್ಮ ರಿಜಿಸ್ಟರಿನಲ್ಲಿ ತಾಯಿಯ ಜೊತೆಗಿರುವ ಮಕ್ಕಳಿಗೆ
ಕೊನೆಯಲ್ಲಿ ಬೇರೆ ಕಾಲಂ. ಇವತ್ತು ಅಲ್ಲಿ ಬರೆದದ್ದು ಮೂರು.
ನಂಜಮಣಿಯ ಮಗ ಲೋಕಿಗೆ ಆಶ್ವೀಜಕ್ಕೆ ಆರು ತುಂಬುತ್ತದೆ,
ಆಮೇಲೆ ಎರಡು.

ನಾಳೆ ಅವನಿಗೆ ಹೇಳಬೇಕು, ಮೀನು ಮರಿ ಮಾಡಿದೆ ಅಂತ.
ಎಷ್ಟು, ಅಂತ ಕೇಳಿಯೇ ಕೇಳುತ್ತಾನೆ.